ರಕ್ತಕ್ಕಿಳಿದ ಶಿಲೀಂಧ್ರದ ಬೆನ್ನುಹತ್ತಿ

ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್ ಬದಲಿಸಿದರೂ ಐಸಿಯು ರೋಗಿಯ ಜ್ವರ ಇಳಿಯುತ್ತಿಲ್ಲ. ರಕ್ತದಲ್ಲಿ ಶಿಲೀಂಧ್ರ ಸೇರಿಕೊಂಡಿದೆಯೇ? ಸೇರಿದ್ದರೆ ಯಾವುದು, ಯಾವ ಔಷಧಕ್ಕೆ ಬಗ್ಗುತ್ತದೆ? ಉತ್ತರ ಬರಬೇಕಾದದ್ದು ಪ್ರಯೋಗಾಲಯದಿಂದ. ಅಲ್ಲಿ ಕಳೆಯುವ ಒಂದೊಂದು ದಿನಕ್ಕೂ ಪ್ರಾಣದ ಬೆಲೆ ತೆರಬೇಕು. ಸೆಪ್ಟೆಂಬರ್ 13, ವಿಶ್ವ ಸೆಪ್ಸಿಸ್ ದಿನ.

ರಾತ್ರಿ ಎರಡೂವರೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬ್. ರಾತ್ರಿ ಪಾಳಿಯ ಟೆಕ್ನಿಷಿಯನ್ ಒಬ್ಬರನ್ನು ಬಿಟ್ಟರೆ ಯಾರೂ ಇಲ್ಲ. ಗೋಡೆಗೆ ಒತ್ತಿ ನಿಲ್ಲಿಸಿದ ಯಂತ್ರದೊಳಗೆ ನೂರಾರು ಬಾಟಲಿಗಳು ಸಾಲಾಗಿ ಕೂತಿವೆ. ಪ್ರತಿಯೊಂದರಲ್ಲೂ ಒಬ್ಬೊಬ್ಬ ರೋಗಿಯ ರಕ್ತ, ಜೊತೆಗೆ ಸೂಕ್ಷ್ಮಜೀವಿಗಳಿಗೆ ಬೇಕಾದ ಪೋಷಕ ದ್ರವ. ಒಳಗೆ ಏನಾದರೂ ಬೆಳೆದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಬಾಟಲಿಯ ತಳದ ಸೆನ್ಸರ್ ಅದನ್ನು ಗುರುತಿಸಿದ ಕೂಡಲೇ ಯಂತ್ರ ಕೂಗುತ್ತದೆ.

ಈಗ ಕೂಗಿದೆ. ಎರಡು ದಿನದ ಹಿಂದೆ ಸರ್ಜಿಕಲ್ ಐಸಿಯುನಿಂದ ಬಂದ ಬಾಟಲಿ.

ಅವರು ಬಾಟಲಿಯ ರಬ್ಬರ್ ಮುಚ್ಚಳವನ್ನು ಸ್ಪಿರಿಟ್‌ನಿಂದ ಒರೆಸಿ, ಸೂಜಿ ಚುಚ್ಚಿ ಕೆಲವು ಹನಿ ಎಳೆಯುತ್ತಾರೆ. ಒಂದು ಹನಿ ಗಾಜಿನ ಸ್ಲೈಡಿಗೆ. ಒಣಗಿಸಿ, ನೇರಳೆ ಬಣ್ಣ, ಅಯೋಡಿನ್, ಆಲ್ಕೊಹಾಲ್, ಕೆಂಪು ಬಣ್ಣ ಹೀಗೆ ಒಂದಾದ ಮೇಲೊಂದು ಸುರಿದು ತೊಳೆಯುತ್ತಾರೆ. ಗ್ರಾಮ್ ಸ್ಟೇನ್ ಎಂಬ ಈ ವಿಧಾನಕ್ಕೆ ನೂರು ವರ್ಷ ದಾಟಿ ಎಷ್ಟೋ ಕಾಲವಾಯಿತು. ಸೂಕ್ಷ್ಮದರ್ಶಕದಲ್ಲಿ ಕಾಣಿಸುವುದು ಗಾಢ ನೇರಳೆಯ ದುಂಡನೆಯ ಕೋಶಗಳು. ಬ್ಯಾಕ್ಟೀರಿಯಾಗಳಿಗಿಂತ ಎಷ್ಟೋ ಪಾಲು ದೊಡ್ಡವು. ಕೆಲವುಗಳ ಪಕ್ಕೆಯಲ್ಲಿ ಪುಟ್ಟ ಮೊಗ್ಗು.

ವರದಿ ಟೈಪ್ ಮಾಡುವ ಮೊದಲು ಅವರು ಫೋನ್ ಎತ್ತಿಕೊಳ್ಳುತ್ತಾರೆ.

‘ಡಾಕ್ಟ್ರೇ, ಹನ್ನೆರಡನೇ ಬೆಡ್ ಪೇಷೆಂಟ್ ಬ್ಲಡ್ ಕಲ್ಚರ್‌ನಲ್ಲಿ ಯೀಸ್ಟ್ ಬಂದಿದೆ.’

‘ಯೀಸ್ಟಾ? ಖಾತ್ರಿನಾ ಮೇಡಂ?’

‘ಬಡ್ಡಿಂಗ್ ಚೆನ್ನಾಗಿ ಕಾಣ್ತಿದೆ ಸರ್. ಸ್ಲೈಡ್ ಎತ್ತಿಟ್ಟಿರ್ತೀನಿ, ಬಂದು ನೋಡಿ. ಯಾವುದು ಅಂತ ಹೇಳೋಕೆ ನಾಳೆ ಆಗುತ್ತೆ.’

ಒಂದು ನಿಮಿಷದ ಮಾತು. ಆದರೆ ಹನ್ನೆರಡನೇ ಬೆಡ್‌ನ ರೋಗಿಗೆ ಶಿಲೀಂಧ್ರ ನಿರೋಧಕ ಔಷಧದ ಮೊದಲ ಡೋಸ್ ರಾತ್ರಿ ಮೂರಕ್ಕೆ ಬೀಳುತ್ತದೋ, ಬೆಳಗಿನ ರೌಂಡ್ಸ್ ಮುಗಿದ ಮೇಲೆ ಹನ್ನೊಂದಕ್ಕೆ ಬೀಳುತ್ತದೋ ಎಂಬುದು ನಿರ್ಧಾರವಾದದ್ದು ಈ ಕರೆಯಿಂದ.

ನಮ್ಮೊಳಗೇ ಇರುವ ಜೀವಿ

ರಕ್ತಕ್ಕಿಳಿಯುವ ಶಿಲೀಂಧ್ರಗಳಲ್ಲಿ ಬಹುಪಾಲು ಕ್ಯಾಂಡಿಡಾ ಎಂಬ ಯೀಸ್ಟ್ ಗುಂಪಿನವು. ಇವುಗಳಲ್ಲಿ ಹಲವು ಆರೋಗ್ಯವಂತರ ಕರುಳಿನಲ್ಲಿ, ಬಾಯಲ್ಲಿ, ಚರ್ಮದ ಮೇಲೆ ತಮ್ಮ ಪಾಡಿಗೆ ಇರುತ್ತವೆ. ಕರುಳಿನ ಬ್ಯಾಕ್ಟೀರಿಯಾಗಳು ಇವನ್ನು ಹದ್ದುಬಸ್ತಿನಲ್ಲಿಟ್ಟಿರುತ್ತವೆ. ಕರುಳಿನ ಒಳಪದರ ಇವನ್ನು ಆಚೆ ದಾಟಲು ಬಿಡುವುದಿಲ್ಲ.

ಐಸಿಯುನಲ್ಲಿ ಈ ಎರಡೂ ಕಾವಲು ಒಟ್ಟಿಗೆ ಕುಸಿಯುತ್ತವೆ. ಜೀವ ಉಳಿಸಲು ಕೊಟ್ಟ ಪ್ರಬಲ ಆಂಟಿಬಯಾಟಿಕ್‌ಗಳು ಕರುಳಿನ ಬ್ಯಾಕ್ಟೀರಿಯಾಗಳನ್ನೂ ಅಳಿಸಿಹಾಕುತ್ತವೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದರೆ, ಕರುಳು ತೂತಾಗಿದ್ದರೆ ದಾರಿ ಸಲೀಸು. ಕತ್ತಿನ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ಚರ್ಮದಿಂದ ನೇರ ರಕ್ತಕ್ಕೆ ತೆರೆದ ಬಾಗಿಲು. ಆ ಕೊಳವೆಯ ಒಳಗೋಡೆಗೆ ಕ್ಯಾಂಡಿಡಾ ಪದರ ಕಟ್ಟಿಕೊಂಡು ಅಂಟಿತೆಂದರೆ ಔಷಧ ಅಲ್ಲಿಗೆ ಸುಲಭಕ್ಕೆ ತಲುಪದು.

ಜ್ವರ, ರಕ್ತದೊತ್ತಡ ಕುಸಿತ, ಮಂಕು. ಲಕ್ಷಣಗಳೆಲ್ಲ ಬ್ಯಾಕ್ಟೀರಿಯಾದ ಸೆಪ್ಸಿಸ್‌ನವೇ. ಹಾಸಿಗೆಯ ಪಕ್ಕ ನಿಂತು ಎಂಥ ಅನುಭವಿ ವೈದ್ಯರೂ ಇದು ಶಿಲೀಂಧ್ರವೇ ಎಂದು ಬೆರಳು ಮಾಡಿ ತೋರಿಸಲಾರರು. ಆದ್ದರಿಂದಲೇ ಲ್ಯಾಬ್ ಇಲ್ಲಿ ಇಷ್ಟು ಮುಖ್ಯ.

ಚಂಡೀಗಢದ ಪಿಜಿಐ ಆಸ್ಪತ್ರೆಯ ಶಿಲೀಂಧ್ರತಜ್ಞ ಅರುಣಲೋಕ್ ಚಕ್ರವರ್ತಿ ಅವರ ನೇತೃತ್ವದಲ್ಲಿ ದೇಶದ 27 ಐಸಿಯುಗಳಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. 1,400 ರೋಗಿಗಳ ರಕ್ತದಲ್ಲಿ ಕ್ಯಾಂಡಿಡಾ ಸಿಕ್ಕಿತ್ತು. ಲೆಕ್ಕ ಹಾಕಿದರೆ ಐಸಿಯುಗೆ ದಾಖಲಾದ ಪ್ರತಿ ಸಾವಿರ ಮಂದಿಗೆ 6.51. ಅರ್ಧದಷ್ಟು ಮಂದಿಗೆ ಸೋಂಕು ತಗುಲಿದ್ದು ದಾಖಲಾದ ಎಂಟು ದಿನದೊಳಗೆ. ಮೂವತ್ತು ದಿನದೊಳಗೆ ತೀರಿಕೊಂಡವರು ಶೇ 44.7. ಜಾಗತಿಕ ಅಂದಾಜೂ ಕಣ್ಣು ಕುಕ್ಕುತ್ತದೆ: ಒಳಾಂಗಗಳಿಗೆ ಅಥವಾ ರಕ್ತಕ್ಕೆ ಕ್ಯಾಂಡಿಡಾ ಸೋಂಕು ತಗುಲುವವರು ವರ್ಷಕ್ಕೆ ಸುಮಾರು 15 ಲಕ್ಷ. ಅವರಲ್ಲಿ 10 ಲಕ್ಷದಷ್ಟು ಮಂದಿ ಸಾಯುತ್ತಾರೆ ಎಂದು 2024ರಲ್ಲಿ ಪ್ರಕಟವಾದ ಲೆಕ್ಕಾಚಾರ ಹೇಳುತ್ತದೆ.

> ಯಾರಿಗೆ ಅಪಾಯ ಹೆಚ್ಚು?
> ದಿನಗಟ್ಟಲೆ ಪ್ರಬಲ ಆಂಟಿಬಯಾಟಿಕ್ ಪಡೆದವರು, ಸೆಂಟ್ರಲ್ ಲೈನ್ ಇರುವವರು, ರಕ್ತನಾಳದ ಮೂಲಕವೇ ಆಹಾರ ಪಡೆಯುವವರು, ಡಯಾಲಿಸಿಸ್ ರೋಗಿಗಳು, ಹೊಟ್ಟೆಯ ಶಸ್ತ್ರಚಿಕಿತ್ಸೆ ಅಥವಾ ತೀವ್ರ ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಒಳಗಾದವರು, ಸ್ಟೀರಾಯ್ಡ್ ಅಥವಾ ಕಿಮೊಥೆರಪಿ ಮೇಲಿರುವವರು, ತೂಕ ತೀರಾ ಕಡಿಮೆ ಇರುವ ನವಜಾತ ಶಿಶುಗಳು.

ಹತ್ತು ಎಂ.ಎಲ್. ಲೆಕ್ಕ

ರಕ್ತದ ಕಲ್ಚರ್ ಇವತ್ತಿಗೂ ಈ ಸೋಂಕಿನ ಮುಖ್ಯ ಪರೀಕ್ಷೆ. ಕಳಿಸಿದ ರಕ್ತದಲ್ಲಿ ಜೀವಂತ ಕೋಶ ಒಂದಾದರೂ ಇದ್ದು, ಅದು ಬಾಟಲಿಯಲ್ಲಿ ಬೆಳೆದು ನಿಂತರೆ ಅದಕ್ಕಿಂತ ದೊಡ್ಡ ಸಾಕ್ಷ್ಯವಿಲ್ಲ. ಆದರೆ ದೇಹದೊಳಗೆ ಕ್ಯಾಂಡಿಡಾ ಸೋಂಕು ಇರುವವರಲ್ಲಿ ಕಲ್ಚರ್ ಹಿಡಿಯುವುದು ಸುಮಾರು ಅರ್ಧದಷ್ಟನ್ನು ಮಾತ್ರ.

ಕಾರಣ ಸರಳವಾದದ್ದು. ರೋಗಿ ಸಾವು ಬದುಕಿನ ನಡುವೆ ಇದ್ದಾಗಲೂ ಅನೇಕ ಸಲ ಒಂದು ಎಂ.ಎಲ್. ರಕ್ತದಲ್ಲಿ ಒಂದು ಯೀಸ್ಟ್ ಕೋಶವೂ ಇರುವುದಿಲ್ಲ. ಐದು ಎಂ.ಎಲ್. ತೆಗೆದು ಕಳಿಸಿದರೆ ಅದರಲ್ಲಿ ಒಂದೂ ಬರದೇ ಹೋಗಬಹುದು. ಇನ್ನು ಕೆಲವು ರೋಗಿಗಳಲ್ಲಿ ಶಿಲೀಂಧ್ರ ರಕ್ತವನ್ನು ಬಿಟ್ಟು ಯಕೃತ್ತಿನಲ್ಲೋ ಹೊಟ್ಟೆಯ ಕುಹರದಲ್ಲೋ ನೆಲೆಯೂರಿರುತ್ತದೆ. ಆಗ ರಕ್ತದ ಕಲ್ಚರ್‌ಗೆ ಏನೂ ಸಿಗದು.

ಅದಕ್ಕೇ ಮಾರ್ಗಸೂಚಿಗಳು ವಯಸ್ಕರಿಗೆ ಒಂದು ಸಲಕ್ಕೆ 40ರಿಂದ 60 ಎಂ.ಎಲ್. ರಕ್ತವನ್ನು, ಬೇರೆ ಬೇರೆ ಜಾಗದಿಂದ ಚುಚ್ಚಿ ತೆಗೆದು, ಬಾಟಲಿಗೆ ಸುಮಾರು ಹತ್ತು ಎಂ.ಎಲ್.ನಂತೆ ಹಂಚಬೇಕೆಂದು ಹೇಳುತ್ತವೆ. ಅನುಮಾನ ಇರುವವರೆಗೆ ಇದನ್ನು ದಿನಾ ಮಾಡಬೇಕು. ನಮ್ಮಲ್ಲಿ ಅನೇಕ ಕಡೆ ಹೋಗುವುದು ಒಂದೇ ಬಾಟಲಿ, ಅದೂ ಅರ್ಧ ತುಂಬಿದ್ದು. ‘ಮೊದಲೇ ರಕ್ತ ಕಡಿಮೆ ಇದೆ, ಎಷ್ಟು ತೆಗೀತೀರಿ’ ಎಂಬ ಮನೆಯವರ ಆತಂಕ, ಬಾಟಲಿಯ ಬೆಲೆ, ನರ್ಸ್‌ಗಳ ಮೇಲಿನ ಒತ್ತಡ ಎಲ್ಲವೂ ಇದರಲ್ಲಿ ಸೇರಿದೆ.

ನನ್ನನ್ನು ಕೇಳಿದರೆ, ಶಿಲೀಂಧ್ರ ಪತ್ತೆಯಲ್ಲಿ ನಾಳೆಯೇ ಸುಧಾರಿಸಬಹುದಾದ ಸಂಗತಿ ಇದೊಂದೇ. ಹೊಸ ಯಂತ್ರ ಬೇಡ, ಪರದೇಶದ ಕಿಟ್ ಬೇಡ. ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಸರಿಯಾಗಿ ಒರೆಸಿ, ಒಣಗಲು ಬಿಟ್ಟು, ಸಾಕಷ್ಟು ರಕ್ತ ತೆಗೆದು, ತಡಮಾಡದೆ ಲ್ಯಾಬ್‌ಗೆ ಮುಟ್ಟಿಸಬೇಕು. ಐಸಿಯುನಲ್ಲಿ ರಾತ್ರಿ ತೆಗೆದ ಬಾಟಲಿ ಬೆಳಿಗ್ಗೆವರೆಗೆ ನರ್ಸಿಂಗ್ ಸ್ಟೇಷನ್‌ನ ಮೇಜಿನ ಮೇಲೆ ಕೂತರೆ ಅಷ್ಟು ಗಂಟೆಗಳು ರೋಗಿಯ ಲೆಕ್ಕದಿಂದಲೇ ಕಳೆಯುತ್ತವೆ.

ಆ ಗಂಟೆಗಳ ಬೆಲೆ ಎಷ್ಟೆಂದು 2006ರಲ್ಲಿ ಅಮೆರಿಕದ ನಾಲ್ಕು ವೈದ್ಯಕೀಯ ಕೇಂದ್ರಗಳ 230 ರೋಗಿಗಳ ದಾಖಲೆ ತೋರಿಸಿತು. ಕಲ್ಚರ್‌ಗೆ ರಕ್ತ ತೆಗೆದ ದಿನವೇ ಫ್ಲುಕೊನಜೋಲ್ ಎಂಬ ಶಿಲೀಂಧ್ರ ನಿರೋಧಕ ಔಷಧ ಶುರುವಾದವರಲ್ಲಿ ಸಾವು ಶೇ 15. ಮಾರನೇ ದಿನ ಶುರುವಾದವರಲ್ಲಿ ಶೇ 24. ಎರಡು ದಿನ ತಡವಾದರೆ ಶೇ 37, ಮೂರು ದಿನ ಅಥವಾ ಅದಕ್ಕೂ ಮೀರಿದರೆ ಶೇ 41. ಬಾಟಲಿಯಲ್ಲಿ ಯೀಸ್ಟ್ ಬೆಳೆದು ಯಂತ್ರ ಕೂಗುವುದಕ್ಕೇ ಸಾಮಾನ್ಯವಾಗಿ ಎರಡು ಮೂರು ದಿನ ಬೇಕು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು ಮಾತು. ರಕ್ತದಲ್ಲಿ ಕ್ಯಾಂಡಿಡಾ ಬಂದರೆ ಅದನ್ನು ‘ಚರ್ಮದಿಂದ ಬಂದ ಕಲ್ಮಶ ಇರಬೇಕು’ ಎಂದು ತಳ್ಳಿಹಾಕುವಂತಿಲ್ಲ. ಒಂದೇ ಬಾಟಲಿಯಲ್ಲಿ ಬಂದರೂ ಚಿಕಿತ್ಸೆ ಆಗಲೇಬೇಕು. ಕಫದಲ್ಲಿ ಸಿಕ್ಕಿದ ಕ್ಯಾಂಡಿಡಾದ ಕಥೆ ತದ್ವಿರುದ್ಧ. ವೆಂಟಿಲೇಟರ್ ಮೇಲಿರುವ ಅನೇಕರ ಕಫದಲ್ಲಿ ಅದು ಸುಮ್ಮನೆ ಇರುತ್ತದೆ, ಶ್ವಾಸಕೋಶದ ಸೋಂಕಿಗೆ ಕಾರಣವಾಗುವುದು ಅಪರೂಪ. ಕಫದ ವರದಿ ನೋಡಿ ದುಬಾರಿ ಔಷಧ ಶುರುಮಾಡುವುದೂ, ರಕ್ತದ ವರದಿಯನ್ನು ಅನುಮಾನಿಸಿ ಕಾಯುವುದೂ ಎರಡೂ ತಪ್ಪು.

ಯಾವ ಕ್ಯಾಂಡಿಡಾ?

ಯೀಸ್ಟ್ ಎಂದಷ್ಟೇ ಗೊತ್ತಾದರೆ ಸಾಲದು, ಪ್ರಭೇದ ತಿಳಿಯಬೇಕು. ಕ್ಯಾಂಡಿಡಾ ಕ್ರೂಸೈಗೆ ಫ್ಲುಕೊನಜೋಲ್ ಹುಟ್ಟಿನಿಂದಲೇ ನಾಟುವುದಿಲ್ಲ. ಗ್ಲಾಬ್ರಾಟಾಗೆ ಡೋಸ್ ಹೆಚ್ಚು ಬೇಕು. ಪ್ಯಾರಾಪ್ಸಿಲೋಸಿಸ್ ಆಸ್ಪತ್ರೆ ಸಿಬ್ಬಂದಿಯ ಕೈಗಳಿಂದ, ಲೈನ್‌ಗಳಿಂದ ಹರಡುವಂಥದ್ದು. ಒಂದೇ ವಾರ್ಡ್‌ನಲ್ಲಿ ಎರಡು ಮೂರು ಬಂದರೆ ಕೈತೊಳೆಯುವ ವ್ಯವಸ್ಥೆಯನ್ನೇ ಪರಿಶೀಲಿಸಬೇಕು. ಪಾಶ್ಚಾತ್ಯ ದೇಶಗಳ ಪಠ್ಯಪುಸ್ತಕಗಳಲ್ಲಿ ಆಲ್ಬಿಕನ್ಸ್‌ಗೆ ಮೊದಲ ಸ್ಥಾನ. ನಮ್ಮ ಐಸಿಯುಗಳಲ್ಲಿ ಆ ಜಾಗ ಟ್ರಾಪಿಕಾಲಿಸ್‌ನದು. 27 ಐಸಿಯುಗಳ ಅಧ್ಯಯನದಲ್ಲಿ ಅದರ ಪಾಲು ಶೇ 41.6.

ಹಳೆಯ ಪರೀಕ್ಷೆಗಳು ಇಂದಿಗೂ ಸಣ್ಣ ಲ್ಯಾಬ್‌ಗಳ ಆಧಾರ. ಯೀಸ್ಟನ್ನು ಸ್ವಲ್ಪ ಸೀರಂನಲ್ಲಿ ಕದಡಿ 37 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಆಲ್ಬಿಕನ್ಸ್ ಕೋಶಗಳಿಂದ ಉದ್ದನೆಯ ನಳಿಗೆ ಹೊರಡುತ್ತದೆ, ನೆನೆಸಿದ ಹೆಸರುಕಾಳು ಮೊಳಕೆ ಒಡೆದ ಹಾಗೆ. ಇದೇ ಜರ್ಮ್ ಟ್ಯೂಬ್ ಪರೀಕ್ಷೆ. ಒಂದು ಟ್ಯೂಬ್, ಒಂದು ಹನಿ ಸೀರಂ, ನೋಡುವ ಕಣ್ಣು ಇದ್ದರೆ ಆಯಿತು.

ಕ್ರೋಮ್ ಅಗಾರ್ ಇನ್ನೂ ಸೊಗಸಾದ ಉಪಾಯ. ಈ ತಟ್ಟೆಯಲ್ಲಿ ಒಂದೊಂದು ಪ್ರಭೇದ ಒಂದೊಂದು ಬಣ್ಣಕ್ಕೆ ತಿರುಗುತ್ತದೆ. ಆಲ್ಬಿಕನ್ಸ್ ಹಸಿರು, ಟ್ರಾಪಿಕಾಲಿಸ್ ಉಕ್ಕಿನ ನೀಲಿ, ಕ್ರೂಸೈ ಒರಟು ಅಂಚಿನ ಗುಲಾಬಿ. ಒಬ್ಬನೇ ರೋಗಿಯಲ್ಲಿ ಎರಡು ಬಗೆ ಬೆರೆತಿದ್ದರೆ ತಟ್ಟೆ ಒಡನೆಯೇ ಹೇಳುತ್ತದೆ. ಆದರೆ ಬಣ್ಣ ಬರಲು ಒಂದೆರಡು ದಿನ ಕಾಯಬೇಕು.

ದೊಡ್ಡ ಲ್ಯಾಬ್‌ಗಳಲ್ಲಿ ಈ ಕೆಲಸ ನಿಮಿಷಗಳಿಗೆ ಇಳಿದಿದೆ. ಬೆಳೆದ ಶಿಲೀಂಧ್ರದ ಚೂರನ್ನು ಲೋಹದ ಫಲಕಕ್ಕೆ ಸವರಿ, ಮೇಲೊಂದು ರಾಸಾಯನಿಕ ಲೇಪಿಸಿ, ಲೇಸರ್ ಹಾಯಿಸುತ್ತಾರೆ. ಅದರ ಪ್ರೋಟೀನ್‌ಗಳು ಸಿಡಿದು ನಿರ್ವಾತ ಕೊಳವೆಯಲ್ಲಿ ಹಾರುತ್ತವೆ. ಹಗುರಾದವು ಬೇಗ, ಭಾರವಾದವು ತಡವಾಗಿ ತಲುಪುತ್ತವೆ. ಆ ವಿನ್ಯಾಸವನ್ನು ಕಂಪ್ಯೂಟರಿನ ಸಂಗ್ರಹದೊಂದಿಗೆ ತಾಳೆ ನೋಡಿದರೆ ಪ್ರಭೇದ ಸಿಕ್ಕಿತು. ಮಾಲ್ಡಿ-ಟಾಫ್ ಎಂಬುದು ಇದರ ಹೆಸರು. ದೊಡ್ಡ ಅಣುಗಳನ್ನು ಲೇಸರ್‌ನಿಂದ ಹೀಗೆ ಹಾರಿಸಬಹುದೆಂದು ತೋರಿಸಿದ ಜಪಾನಿನ ಎಂಜಿನಿಯರ್ ಕೊಯಿಚಿ ತನಾಕಾ 2002ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಸಂಗ್ರಹದಲ್ಲಿ ಇಲ್ಲದ ಪ್ರಭೇದ ಎದುರಾದರೆ ಮಾತ್ರ ಈ ಯಂತ್ರವೂ ದಾರಿ ತಪ್ಪುತ್ತದೆ.

ಯಂತ್ರಗಳನ್ನು ಏಮಾರಿಸಿದ ಆರಿಸ್

2009ರಲ್ಲಿ ಜಪಾನಿನ ಎಪ್ಪತ್ತು ವರ್ಷದ ಮಹಿಳೆಯೊಬ್ಬರ ಕಿವಿಯಲ್ಲಿ ಹೊಸ ಯೀಸ್ಟ್ ಒಂದನ್ನು ಸಂಶೋಧಕರು ಗುರುತಿಸಿದರು. ಅದಕ್ಕೆ ಕ್ಯಾಂಡಿಡಾ ಆರಿಸ್ ಎಂದು ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಅದು ಕಿವಿಯಿಂದ ರಕ್ತಕ್ಕೆ ಬಂದಿತ್ತು. ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನ ಅನುರಾಧಾ ಚೌಧರಿ ಮತ್ತು ಸಂಗಡಿಗರು ಎರಡು ಆಸ್ಪತ್ರೆಗಳ 12 ರೋಗಿಗಳಲ್ಲಿ ಇದನ್ನು ಕಂಡು 2013ರಲ್ಲಿ ವರದಿ ಮಾಡಿದರು.

ಆದರೆ ಎಷ್ಟೋ ಲ್ಯಾಬ್‌ಗಳಿಗೆ ಇದು ತಮ್ಮಲ್ಲಿ ಇದೆಯೆಂದೇ ಗೊತ್ತಿರಲಿಲ್ಲ. ಆಗ ಎಲ್ಲೆಡೆ ಬಳಕೆಯಲ್ಲಿದ್ದ ವೈಟೆಕ್ ಯಂತ್ರ ಆರಿಸನ್ನು ‘ಹೀಮುಲೋನಿ’ ಎಂಬ ಬೇರೆ ಪ್ರಭೇದವೆಂದು ವರದಿ ಮಾಡುತ್ತಿತ್ತು. ದೇಶದ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಹೀಮುಲೋನಿ ಅಥವಾ ಫಮಾಟಾ ಎಂದು ಗುರುತಿಸಿದ್ದ 102 ಮಾದರಿಗಳನ್ನು ಡಿಎನ್‌ಎ ಪರೀಕ್ಷೆಗೆ ಒಡ್ಡಿದಾಗ ಶೇ 88ರಷ್ಟು ಆರಿಸ್ ಆಗಿದ್ದವು. 2015ರ ಈ ಫಲಿತಾಂಶ ಓದಿದಾಗ ಎದೆ ಝಲ್ಲೆನ್ನುತ್ತದೆ. ಅಷ್ಟೂ ರೋಗಿಗಳ ಕೇಸ್‌ಶೀಟ್‌ನಲ್ಲಿ ತಪ್ಪು ಹೆಸರು ಬರೆದಿತ್ತು. ಭಾರತದ ಆರಿಸ್ ಮಾದರಿಗಳಲ್ಲಿ ಬಹುಪಾಲು ಫ್ಲುಕೊನಜೋಲ್‌ಗೆ ಜಗ್ಗುವುದಿಲ್ಲ. ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ.

27 ಐಸಿಯುಗಳ ಮಾದರಿಗಳನ್ನು ಮತ್ತೆ ಪರಿಶೀಲಿಸಿದಾಗ 19 ಕಡೆ ಆರಿಸ್ ಇತ್ತು, ಒಟ್ಟು ಪ್ರಕರಣಗಳಲ್ಲಿ ಶೇ 5ರಷ್ಟು. ಕೋವಿಡ್ ಬಂದಾಗ ಪರಿಸ್ಥಿತಿ ಇನ್ನೂ ಹದಗೆಟ್ಟಿತು. 2020ರ ಏಪ್ರಿಲ್‌ನಿಂದ ಜುಲೈವರೆಗೆ ದೆಹಲಿಯ ಕೋವಿಡ್ ಐಸಿಯು ಒಂದರಲ್ಲಿ ರಕ್ತದಲ್ಲಿ ಕ್ಯಾಂಡಿಡಾ ಬಂದ 15 ಮಂದಿಯಲ್ಲಿ 10 ಮಂದಿಯದು ಆರಿಸ್. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಬಾರಿ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಹೊರಡಿಸಿದಾಗ ಅತ್ಯಂತ ಗಂಭೀರ ಗುಂಪಿನ ನಾಲ್ಕರಲ್ಲಿ ಇದೂ ಒಂದು.

ಆರಿಸ್ ಹಾಸಿಗೆಯ ಸರಳಿನ ಮೇಲೆ, ಬಿಪಿ ಪಟ್ಟಿಯ ಮೇಲೆ, ರೋಗಿಯ ಚರ್ಮದ ಮೇಲೆ ವಾರಗಟ್ಟಲೆ ಬದುಕುತ್ತದೆ. ಹಾಗಾಗಿ ಲ್ಯಾಬ್‌ನ ಒಂದು ವರದಿಯಿಂದ ಬದಲಾಗಬೇಕಾದದ್ದು ಒಬ್ಬ ರೋಗಿಯ ಔಷಧ ಮಾತ್ರ ಆಗಿರುವುದಿಲ್ಲ. ಆ ರೋಗಿಯನ್ನು ಪ್ರತ್ಯೇಕಿಸಬೇಕು, ಪಕ್ಕದ ಹಾಸಿಗೆಗಳವರ ಕಂಕುಳು, ತೊಡೆಸಂದಿಯ ಸ್ವಾಬ್ ತೆಗೆದು ನೋಡಬೇಕು, ಸ್ವಚ್ಛತೆಗೆ ಬಳಸುವ ರಾಸಾಯನಿಕವನ್ನೂ ಬದಲಿಸಬೇಕಾಗಬಹುದು.

> ಏಡಿಯ ನೀಲಿ ರಕ್ತದಿಂದ ಬಂದ ಪರೀಕ್ಷೆ
> ಬಹುತೇಕ ಶಿಲೀಂಧ್ರಗಳ ಕೋಶಗೋಡೆಯಲ್ಲಿ ಬೀಟಾ-ಡಿ-ಗ್ಲುಕಾನ್ ಎಂಬ ಸಕ್ಕರೆಯ ಸರಪಳಿ ಇರುತ್ತದೆ. ಸೋಂಕು ಇದ್ದಾಗ ಅದು ರಕ್ತಕ್ಕೆ ಸೋರುತ್ತದೆ. ಅದನ್ನು ಪತ್ತೆಹಚ್ಚುವ ಕಿಟ್‌ನ ಮೂಲ ಹಾರ್ಸ್‌ಶೂ ಏಡಿಯ ರಕ್ತಕಣಗಳು. ತಾಮ್ರದ ಅಂಶದಿಂದಾಗಿ ಈ ಪ್ರಾಣಿಯ ರಕ್ತ ನೀಲಿ. ಶಿಲೀಂಧ್ರದ ಗ್ಲುಕಾನ್ ತಾಗಿದರೆ ಹೆಪ್ಪುಗಟ್ಟುವ ಸರಣಿ ಶುರುವಾಗುತ್ತದೆ. ಹೆಸರಿಗೆ ಏಡಿ, ಸಂಬಂಧ ಜೇಡಗಳಿಗೆ ಹತ್ತಿರ. ಭಾರತದಲ್ಲಿ ಒಡಿಶಾ ಮತ್ತು ಪಶ್ಚಿಮ ಬಂಗಾಳದ ಕರಾವಳಿಯಲ್ಲಿ ಇದರ ಎರಡು ಪ್ರಭೇದಗಳಿವೆ.

ಕಾಯದೆ ಹಿಡಿಯಬಹುದೇ?

ಕಲ್ಚರ್‌ಗೆ ದಿನಗಳು ಬೇಕು ಎಂದಾದರೆ, ಬೆಳೆಯುವವರೆಗೆ ಕಾಯದೆ ರಕ್ತದಲ್ಲೇ ಸುಳಿವು ಹುಡುಕಬಹುದಲ್ಲ? ಬೀಟಾ-ಡಿ-ಗ್ಲುಕಾನ್ ಪರೀಕ್ಷೆಯ ಹಿಂದಿರುವುದು ಈ ಯೋಚನೆಯೇ. ಫಲಿತಾಂಶ ಅದೇ ದಿನ ಸಿಗುತ್ತದೆ. ಆದರೆ ಐಸಿಯು ರೋಗಿಯ ದೇಹಕ್ಕೆ ಗ್ಲುಕಾನ್ ಬೇರೆ ಕಡೆಯಿಂದಲೂ ಬರುತ್ತದೆ. ಶಸ್ತ್ರಚಿಕಿತ್ಸೆಯ ಗಾಜ್ ಬಟ್ಟೆ, ಕೆಲವು ಬಗೆಯ ಡಯಾಲಿಸಿಸ್ ಪೊರೆ, ಆಲ್ಬುಮಿನ್, ಇಮ್ಯುನೊಗ್ಲೋಬುಲಿನ್ ಇವೆಲ್ಲ ಪಾಸಿಟಿವ್ ತೋರಿಸಬಹುದು. ಆದ್ದರಿಂದ ಇದರ ನಿಜವಾದ ಉಪಯೋಗ ನೆಗೆಟಿವ್ ಬಂದಾಗ. ಎರಡು ಸಲ ನೆಗೆಟಿವ್ ಬಂದರೆ, ಅನುಮಾನದ ಮೇಲೆ ಶುರುಮಾಡಿದ್ದ ಔಷಧವನ್ನು ನಿಲ್ಲಿಸಲು ಧೈರ್ಯ ಬರುತ್ತದೆ.

ಜರ್ಮನಿಯಲ್ಲಿ ಸೆಪ್ಸಿಸ್ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗ್ಲುಕಾನ್ ನೋಡಿ ಚಿಕಿತ್ಸೆ ಮಾಡಿದ ಗುಂಪಿಗೆ ಔಷಧವೇನೋ ಬೇಗ ಸಿಕ್ಕಿತು, ಸಾವು ಕಡಿಮೆಯಾಗಲಿಲ್ಲ. ಸೋಂಕು ಖಚಿತವಾಗುವ ಮೊದಲೇ ಅಪಾಯ ಇರುವವರಿಗೆ ಔಷಧ ಕೊಡೋಣವೆಂದು ಫ್ರಾನ್ಸಿನ 19 ಐಸಿಯುಗಳಲ್ಲಿ ಮಾಡಿದ ಪ್ರಯೋಗವೂ (2016) ಹೇಳಿಕೊಳ್ಳುವಂಥ ಲಾಭ ತೋರಿಸಲಿಲ್ಲ. ಕುರುಡಾಗಿ ಔಷಧ ಸುರಿಯುವುದು ನಿರೋಧಕತೆಯನ್ನು ಬೆಳೆಸುತ್ತದೆಯೇ ಹೊರತು ಪತ್ತೆಯ ಜಾಗವನ್ನು ತುಂಬುವುದಿಲ್ಲ.

ರಕ್ತದಿಂದ ನೇರವಾಗಿ ಶಿಲೀಂಧ್ರದ ಡಿಎನ್‌ಎ ಹಿಡಿಯುವ ಟಿ2 ಎಂಬ ಸಾಧನಕ್ಕೆ ಅಮೆರಿಕ 2014ರಲ್ಲಿ ಅನುಮತಿ ಕೊಟ್ಟಿತು. ಮೂರರಿಂದ ಐದು ಗಂಟೆಯಲ್ಲಿ ಐದು ಸಾಮಾನ್ಯ ಪ್ರಭೇದಗಳನ್ನು ಗುರುತಿಸುತ್ತದೆ. ಆ ಐದರಲ್ಲಿ ಆರಿಸ್ ಇಲ್ಲ. ಕಲ್ಚರ್ ಬಾಟಲಿ ಕೂಗಿದ ಮೇಲೆ ಅದರ ದ್ರವವನ್ನು ಹಾಕಿ ಒಂದು ಗಂಟೆಯ ಆಸುಪಾಸಿನಲ್ಲಿ ಉತ್ತರ ಕೊಡುವ ಪಿಸಿಆರ್ ಪ್ಯಾನೆಲ್‌ಗಳೂ ಬಂದಿವೆ. ಇವುಗಳಲ್ಲಿ ಕೆಲವು ಆರಿಸನ್ನೂ ಹಿಡಿಯುತ್ತವೆ. ಬೆಲೆ ನೋಡಿದರೆ ಸರ್ಕಾರಿ ಆಸ್ಪತ್ರೆಯ ದಿನಬಳಕೆಗೆ ಇವು ಸದ್ಯಕ್ಕೆ ಎಟುಕುವಂತಿಲ್ಲ.

> ಕಲ್ಚರ್‌ಗೆ ಸಿಗದವು
> ಅಸ್ಪರ್ಜಿಲಸ್ ರಕ್ತನಾಳಗಳನ್ನೇ ಸೀಳಿಕೊಂಡು ಬೆಳೆದರೂ ರಕ್ತದ ಕಲ್ಚರ್‌ನಲ್ಲಿ ಬರುವುದು ಅಪರೂಪ. 2021ರಲ್ಲಿ ರಾಜ್ಯವನ್ನು ಕಂಗೆಡಿಸಿದ ‘ಕಪ್ಪು ಶಿಲೀಂಧ್ರ’ವೂ ಹಾಗೆಯೇ. ಅದನ್ನು ಹಿಡಿದದ್ದು ಮೂಗಿನ ಅಂಗಾಂಶದ ತುಣುಕನ್ನು ಕೆಒಎಚ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಗ್ಲುಕಾನ್ ಪರೀಕ್ಷೆಗೂ ಅದು ಸಿಗುವುದಿಲ್ಲ.

ಹೆಸರು ಸಿಕ್ಕ ಮೇಲೆ

ಪ್ರಭೇದ ತಿಳಿದ ಮೇಲೂ ಲ್ಯಾಬ್‌ನ ಕೆಲಸ ಮುಗಿಯದು. ಯಾವ ಔಷಧದ ಎಷ್ಟು ಪ್ರಮಾಣಕ್ಕೆ ಈ ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆಂದು ಅಳೆಯಲು ಮತ್ತೊಂದು ದಿನ ಬೇಕು. ಅಲ್ಲಿಯವರೆಗೆ ವೈದ್ಯರು ಸಾಮಾನ್ಯವಾಗಿ ಕ್ಯಾಸ್ಪೊಫಂಜಿನ್ ಅಥವಾ ಮೈಕಾಫಂಜಿನ್ ಗುಂಪಿನ ಔಷಧ ಶುರುಮಾಡುತ್ತಾರೆ. ವರದಿ ನೋಡಿ, ಸಾಧ್ಯವಿದ್ದರೆ ಅಗ್ಗದ ಫ್ಲುಕೊನಜೋಲ್‌ಗೆ ಇಳಿಸುತ್ತಾರೆ. ಮನೆಯವರ ಪಾಲಿಗೆ ಅದು ದಿನಕ್ಕೆ ಸಾವಿರಾರು ರೂಪಾಯಿಯ ವ್ಯತ್ಯಾಸ.

ಈ ನಡುವೆ ದಿನ ಬಿಟ್ಟು ದಿನವಾದರೂ ರಕ್ತದ ಕಲ್ಚರ್ ಮತ್ತೆ ಹೋಗಬೇಕು. ಮೊದಲ ನೆಗೆಟಿವ್ ಬಂದ ದಿನದಿಂದ ಎಣಿಸಿ 14 ದಿನ ಚಿಕಿತ್ಸೆ. ಶಿಲೀಂಧ್ರ ಕಣ್ಣಿನ ಒಳಪದರಕ್ಕೂ ಹೋಗಿ ಕೂರುವುದರಿಂದ ನೇತ್ರತಜ್ಞರು ಬಂದು ನೋಡಬೇಕು. ಸೆಂಟ್ರಲ್ ಲೈನ್ ತೆಗೆಯಬಹುದಾದರೆ ತಡಮಾಡದೆ ತೆಗೆಯಬೇಕು.

ವಿಶ್ವ ಆರೋಗ್ಯ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಶಿಲೀಂಧ್ರ ಪರೀಕ್ಷೆಗಳ ಬಗ್ಗೆ ಮೊದಲ ವರದಿ ಹೊರತಂದಿತು. ಇರುವ ಪರೀಕ್ಷೆಗಳೆಲ್ಲ ಸುಸಜ್ಜಿತ ಲ್ಯಾಬ್ ಮತ್ತು ತರಬೇತಾದ ಸಿಬ್ಬಂದಿಯನ್ನೇ ನೆಚ್ಚಿಕೊಂಡಿವೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳ ಜಿಲ್ಲಾ ಮಟ್ಟದ ಆಸ್ಪತ್ರೆಗಳಿಗೆ ಅವು ತಲುಪಿಲ್ಲ ಎಂಬುದು ಅದರ ಸಾರ. ನಮ್ಮ ಬಹುತೇಕ ಜಿಲ್ಲೆಗಳಲ್ಲಿ ಈಗ ವೈದ್ಯಕೀಯ ಕಾಲೇಜುಗಳಿವೆ, ಐಸಿಯು ಹಾಸಿಗೆಗಳೂ ಕೋವಿಡ್ ನಂತರ ಹೆಚ್ಚಿವೆ. ಹಾಸಿಗೆಗಳ ಸಂಖ್ಯೆ ಹೆಚ್ಚಿಸಿದ ಸರ್ಕಾರ ಅವುಗಳ ಹಿಂದಿರುವ ಲ್ಯಾಬನ್ನೂ ಬೆಳೆಸಬೇಕು. ರಾತ್ರಿ ಪಾಳಿಯಲ್ಲಿ ಸ್ಲೈಡ್ ಓದಬಲ್ಲ ಟೆಕ್ನಿಷಿಯನ್, ಕಲ್ಚರ್ ಯಂತ್ರ, ಕ್ರೋಮ್ ಅಗಾರ್, ಅನುಮಾನ ಬಂದ ಮಾದರಿಯನ್ನು ಹತ್ತಿರದ ದೊಡ್ಡ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆ. ಕಲ್ಚರ್ ಬಾಟಲಿಯ ಖರ್ಚು ರೋಗಿಯ ಮನೆಯವರ ಮೇಲೆ ಬೀಳಬಾರದು.

ಓದುಗರಿಗೂ ಒಂದು ಮನವಿ. ನಿಮ್ಮವರು ವಾರಕ್ಕಿಂತ ಹೆಚ್ಚು ಐಸಿಯುನಲ್ಲಿದ್ದು ಜ್ವರ ಬಿಡದಿದ್ದರೆ, ಡಾಕ್ಟರನ್ನು ಸಮಾಧಾನವಾಗಿ ಕೇಳಿ: ರಕ್ತದ ಕಲ್ಚರ್ ಕಳಿಸಿದ್ದೀರಾ, ಎಷ್ಟು ಬಾಟಲಿ, ಶಿಲೀಂಧ್ರದ ಸಾಧ್ಯತೆ ನೋಡಿದ್ದೀರಾ, ಬಂದಿದ್ದರೆ ಯಾವ ಪ್ರಭೇದ, ಲೈನ್ ಬದಲಿಸಬೇಕೇ? ಕಲ್ಚರ್‌ಗೆ ಇನ್ನಷ್ಟು ರಕ್ತ ಬೇಕೆಂದು ನರ್ಸ್ ಕೇಳಿದಾಗ ಬೇಡವೆನ್ನಬೇಡಿ. ಆ ಹತ್ತು ಎಂ.ಎಲ್. ಕೊಡಿ.